ಅಮಾಸಿಗೆ ಏರದ ಎಣಿಕೆ

ಯಲ್ಲಾಲಿಂಗನಿಗೆ ಒಂದು ಕಡೆ ಕೂತು ಗೊತ್ತಿಲ್ಲ. ಚಹಾದಂಗಡಿಯ ಬೆಂಚಿನ ಮೇಲೂ ಅವನ ಎಡಗಾಲು ಕುಣಿಯುತ್ತಿರುತ್ತದೆ. ಜೇಬಿನಿಂದ ಮೊಬೈಲ್ ತೆಗೆದು, ನೋಡಿ, ಇಟ್ಟು, ಚಹಾ ಬರುವಷ್ಟರಲ್ಲಿ ಮತ್ತೆ ತೆಗೆದಿರುತ್ತಾನೆ. ನೋಡುವುದು ಹಾಡಲ್ಲ, ರೀಲ್ ಅಲ್ಲ. ಬಿಳಿ ಪರದೆಯ ಮೇಲೆ ನಾಲ್ಕು ಸಾಲು ಅಂಕಿ.

ವಯಸ್ಸು ಮೂವತ್ನಾಲ್ಕು. ಜಮಖಂಡಿಯ ಬಾಳಾಸಾಹೇಬರ ಇಂಟರ್ನೆಟ್ ಕಂಪನಿಯಲ್ಲಿ ಒಂಬತ್ತು ವರ್ಷದಿಂದ ಲೈನ್‌ಮನ್. ರಬಕವಿ-ಬನಹಟ್ಟಿ ಅವನ ಪಾಲಿನ ಭಾಗ. ಬೈಕಿಗೆ ಮಡಚುವ ಏಣಿ ಕಟ್ಟಿಕೊಂಡು, ಕಬ್ಬು ಹೇರಿದ ಟ್ರ್ಯಾಕ್ಟರುಗಳನ್ನು ಒಂದೊಂದಾಗಿ ಹಿಂದೆ ಹಾಕುತ್ತ ಬೆಳಿಗ್ಗೆ ಎಂಟಕ್ಕೆ ಬನಹಟ್ಟಿ ಸೇರುತ್ತಾನೆ. ಅಲ್ಲಿನ ಓಣಿಗಳ ಕಂಬಗಳಿಗೆ ಬಿಗಿದ ತಗಡಿನ ಡಬ್ಬಿಗಳಲ್ಲಿ ಕಂಪನಿಯ ಸ್ವಿಚ್‌ಗಳಿವೆ. ಇಟ್ಟಿಗೆಯಷ್ಟು ದೊಡ್ಡ ಈ ಯಂತ್ರ ಒಂದು ತಂತಿಯಲ್ಲಿ ಬಂದ ಇಂಟರ್ನೆಟ್ಟನ್ನು ಎಂಟು ಮನೆಗಳಿಗೆ ಹಂಚುತ್ತದೆ. ಹಂಚುತ್ತಲೇ ಎಣಿಸುತ್ತದೆ. ಮನೆಗೆ ಹೋಗುವ ತಂತಿ ಸಿಕ್ಕಿಸಿದ ಒಂದೊಂದು ಕಿಂಡಿಗೂ ಬೇರೆ ಬೇರೆ ಎಣಿಕೆ. ಪ್ಯಾಕೆಟ್ಟೆಂಬ ಮಾಹಿತಿಯ ಸಣ್ಣ ತುಂಡುಗಳು ಎಷ್ಟು ಬಂದವು, ಎಷ್ಟು ಹೋದವು, ಜಾಗ ಸಾಲದೆ ಎಷ್ಟನ್ನು ಕೈಬಿಟ್ಟಿತು, ದಾರಿಯಲ್ಲಿ ಕೆಟ್ಟು ಬಂದವು ಎಷ್ಟು. ಕಳಿಸುವ ಯಂತ್ರ ಪ್ರತಿ ಪ್ಯಾಕೆಟ್ಟಿನ ಬಾಲಕ್ಕೂ ತಾಳೆ ನೋಡುವ ಒಂದು ಅಂಕಿ ಕಟ್ಟಿರುತ್ತದೆ. ಅದು ಹೊಂದದಿದ್ದರೆ ಸ್ವಿಚ್ ಆ ಪ್ಯಾಕೆಟ್ಟನ್ನು ಎಸೆದು, ಎರರ್ ಎನ್ನುವ ಸಾಲಿನಲ್ಲಿ ಒಂದನ್ನು ಏರಿಸಿಕೊಳ್ಳುತ್ತದೆ.

ಕಂಪನಿಯಲ್ಲಿ ಆ ಸಾಲನ್ನು ದಿನಾಲು ನೋಡುವವನು ಯಲ್ಲಾಲಿಂಗ ಒಬ್ಬನೇ. ನೂರು ಪುಟದ ನೋಟ್‌ಬುಕ್ಕಿನಲ್ಲಿ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಬರೆದುಕೊಳ್ಳುತ್ತಾನೆ. ಮುಧೋಳದ ಕಡೆಯ ಲೈನ್ ನೋಡುವ ಜೊತೆಗಾರ ದುಂಡೇಶ, ಸಂಜೆ ಆಫೀಸಿನಲ್ಲಿ ಸಿಕ್ಕಾಗ ಕೇಳುವುದು ಒಂದೇ ಮಾತು:

"ಏನ್ಲೇ ಯಲ್ಲಾಲಿಂಗ, ಕುರಿ ಎಷ್ಟಾದವು ಇವತ್ತ?"

ಚುಚ್ಚುಮಾತಿಗೆ ಬುಡವಿದೆ. ಯಲ್ಲಾಲಿಂಗನದು ಬೀರೇಶ್ವರನ ಒಕ್ಕಲಿನ, ಕುರಿ ಕಾಯ್ದ ಮನೆತನ. ತಂದೆ ಹುಲೆಪ್ಪ ಸಾಯುವ ವರ್ಷದವರೆಗೂ ಸಂಜೆ ಕುರಿದಡ್ಡಿಯ ಬಾಯಿಯಲ್ಲಿ ನಿಂತು, ಜೋಡಿ ಜೋಡಿಯಾಗಿ ಎಣಿಸಿ ಒಳಗೆ ಬಿಡುತ್ತಿದ್ದರು. ಎಷ್ಟಾದವು ಎಂದು ಯಾರು ಕೇಳಿದರೂ ಸಂಖ್ಯೆ ಹೇಳುತ್ತಿರಲಿಲ್ಲ. ಹೇಳಿದರೆ ದೃಷ್ಟಿ ತಾಗುತ್ತದೆಂಬ ನಂಬಿಕೆ. "ಅಷ್ಟಽ ಅದಾವ" ಎನ್ನುತ್ತಿದ್ದರು. ಕಡಿಮೆ ಬಿದ್ದರೆ "ಎರಡು ಬರಬೇಕು" ಎಂದು ಕೋಲು ಹಿಡಿದು ಹೊರಡುತ್ತಿದ್ದರು. ಒಟ್ಟು ಎಷ್ಟಿವೆ ಎಂಬುದು ಮನೆಯಲ್ಲಿ ಬೇರೆ ಯಾರಿಗೂ ಗೊತ್ತಿರಲಿಲ್ಲ. ಬೇಕಾಗಿಯೂ ಇರಲಿಲ್ಲ.

ಕಳೆದ ಚಳಿಗಾಲದಲ್ಲಿ ಯಲ್ಲಾಲಿಂಗನ ನೋಟ್‌ಬುಕ್ಕನ್ನು ಉಳಿದವರೂ ನೋಡಬೇಕಾಗಿ ಬಂತು. ಕಾರಣ ರಾಧಿಕಾ ಅವರ ಎಕ್ಸ್‌ರೇ ಸೆಂಟರ್.

ಬನಹಟ್ಟಿಯ ನೇಕಾರರ ಓಣಿಯೊಂದರ ಕೊನೆಯಲ್ಲಿ ಎರಡು ಕೋಣೆಯ ಜಾಗ ಅದು. ಅಲ್ಲಿ ತೆಗೆದ ಚಿತ್ರ ಇಂಟರ್ನೆಟ್ಟಿನಲ್ಲಿ ಬಾಗಲಕೋಟೆಯ ಡಾಕ್ಟರಿಗೆ ಹೋಗುತ್ತದೆ, ಅವರು ನೋಡಿ ಹತ್ತು ನಿಮಿಷದಲ್ಲಿ ವರದಿ ಕಳಿಸುತ್ತಾರೆ. ಜುಲೈ ತಿಂಗಳಿನಲ್ಲಿ ಲೈನ್ ಎಳೆದುಕೊಟ್ಟವನು ಯಲ್ಲಾಲಿಂಗ. ದೀಪಾವಳಿ ಕಳೆದ ಮೇಲೆ ಚಿತ್ರಗಳು ಅರ್ಧಕ್ಕೆ ನಿಲ್ಲತೊಡಗಿದವು. ಜನವರಿಯ ಎರಡನೆಯ ವಾರ, ಜಾರಿ ಬಿದ್ದು ಮುಂಗೈ ಮುರಿದುಕೊಂಡಿದ್ದ ಮುದುಕಿಯೊಬ್ಬಳು ಹನ್ನೊಂದರಿಂದ ಎರಡು ಗಂಟೆಯವರೆಗೆ ಕೈಯನ್ನು ಸೆರಗಿನಲ್ಲಿ ಕಟ್ಟಿಕೊಂಡು ವರದಿಗಾಗಿ ಅಲ್ಲಿ ಕೂತಿದ್ದಳು. ಅವತ್ತು ಸಂಜೆ ರಾಧಿಕಾ ಯಲ್ಲಾಲಿಂಗನಿಗೆ ಫೋನ್ ಮಾಡಲಿಲ್ಲ, ನೇರ ಬಾಳಾಸಾಹೇಬರಿಗೆ ಮಾಡಿದರು. ಬರುವ ವಾರದ ಶುಕ್ರವಾರ ಬೇರೆ ಕಂಪನಿಯವರನ್ನು ಕರೆದಿರುವುದಾಗಿ ಹೇಳಿದರು.

ಯಲ್ಲಾಲಿಂಗ ಸುಮ್ಮನೆ ಇದ್ದವನಲ್ಲ. ತಂತಿಯ ಎರಡೂ ತುದಿಗಳನ್ನು ಮೂರು ಸಲ ಕತ್ತರಿಸಿ ಹೊಸದಾಗಿ ಕಟ್ಟಿದ್ದ. ಕಿಂಡಿ ಬದಲಿಸಿ ನೋಡಿ ವಾಪಸು ಮೊದಲಿನದಕ್ಕೇ ಹಾಕಿದ್ದ. ಸೆಂಟರಿನ ರೌಟರನ್ನೂ ಬದಲಿಸಿದ್ದ. ರೌಟರಿನಲ್ಲೂ ಎಣಿಕೆ ಇರುತ್ತದೆ, ಆದರೆ ಚಿತ್ರ ನಿಂತಾಗಲೆಲ್ಲ ರಾಧಿಕಾ ಅದನ್ನು ಆರಿಸಿ ಹಚ್ಚುತ್ತಿದ್ದರು, ಆರಿಸಿದೊಡನೆ ಎಣಿಕೆ ಸೊನ್ನೆಗೆ ಮರಳುತ್ತಿತ್ತು. ಕಂಬದ ಸ್ವಿಚ್ಚಿಗೆ ಬ್ಯಾಟರಿ ಇದೆ. ಜುಲೈನಿಂದ ಅದು ಒಮ್ಮೆಯೂ ಆರಿರಲಿಲ್ಲ. ಅದರ ಪ್ರಕಾರ ಸೆಂಟರಿನ ಕಡೆಯಿಂದ ಬರುವ ಪ್ಯಾಕೆಟ್ಟುಗಳು ಕೆಟ್ಟು ಬರುತ್ತಿದ್ದವು.

ಓಣಿಯ ಹುಡುಗರು ಪಿಕ್ಚರ್ ನೋಡಿ ಲೈನ್ ತುಂಬಿಸುತ್ತಾರೆ ಎಂಬುದು ಬಾಳಾಸಾಹೇಬರ ಮೊದಲ ವಾದ. ತುಂಬಿದ್ದರೆ ಕೈಬಿಟ್ಟವುಗಳ ಸಾಲು ಏರಬೇಕಿತ್ತು. ಅದು ಸೊನ್ನೆಯಲ್ಲೇ ಇತ್ತು. ಹರಿದದ್ದು ಲೈನಿನ ಅಳವಿನ ಹತ್ತರಲ್ಲಿ ಒಂದು ಪಾಲೂ ಅಲ್ಲ ಎಂದು ಯಲ್ಲಾಲಿಂಗ ತೋರಿಸಿದ. ಹಾಗಾದರೆ ಕಾರಣವೇನು ಎಂದು ಅವರು ಕೇಳಿದರು. ಲೈನಿನಲ್ಲಿ ಏನೋ ಇದೆ ಎಂದಷ್ಟೇ ಹೇಳಿದ.

ಬಾಳಾಸಾಹೇಬರು ಸಿಟ್ಟಿನವರಲ್ಲ, ಲೆಕ್ಕಾಚಾರದವರು. ಸಾಮಾನೆಲ್ಲ ಹೊಸದು, ಇನ್ನೂ ಕೆಡುತ್ತಿದೆ ಎಂದರೆ ಕೈಗೆಲಸವೇ ಕೆಟ್ಟದ್ದು ಎಂದು ತೀರ್ಮಾನಿಸಿದರು. ತಾವೇ ಒಂದು ದಿನ ಬಂದು ನೋಡುವುದಾಗಿಯೂ, ತಮ್ಮ ಕಣ್ಣಿಗೆ ಕಾರಣ ಕಾಣದಿದ್ದರೆ ಬನಹಟ್ಟಿಯನ್ನು ದುಂಡೇಶನಿಗೆ ಕೊಡುವುದಾಗಿಯೂ ಹೇಳಿದರು. ಯಲ್ಲಾಲಿಂಗನಿಗೆ ಆಫೀಸಿನಲ್ಲಿ ಕೆಲಸ. ಹತ್ತರಿಂದ ಆರರವರೆಗೆ ಖುರ್ಚಿಯಲ್ಲಿ ಕೂತು ದೂರಿನ ಫೋನ್ ಎತ್ತುವುದು.

ಆ ಖುರ್ಚಿ ಅವನನ್ನು ಬೆನ್ನಟ್ಟತೊಡಗಿತು. ಊಟ ಮಾಡುವಾಗ ಎದ್ದು ಅಡ್ಡಾಡಿ ಬಂದು ಮತ್ತೆ ತಾಟಿನ ಮುಂದೆ ಕೂಡುತ್ತಿದ್ದ.

ಪರೀಕ್ಷೆಯ ದಿನವನ್ನು ಗೊತ್ತುಮಾಡಿದವರು ಗೂಳಪ್ಪ. ಕಂಬಕ್ಕೂ ಸೆಂಟರಿಗೂ ನಡುವೆ ಇರುವುದು ಅವರ ಪವರ್‌ಲೂಮ್ ಶೆಡ್. ತಂತಿ ಹಾದುಹೋಗುವುದು ಅದರ ಹಿಂದಿನ ಗೋಡೆಯ ಮೇಲೆ. ನಿತ್ಯದ ದಿನ ಆ ಓಣಿಯಲ್ಲಿ ಏಣಿ ನಿಲ್ಲಿಸಲು ಜಾಗವಿರುವುದಿಲ್ಲ. ನೂಲಿನ ಚೀಲ ಹೊತ್ತ ಕೈಗಾಡಿಗಳು, ಸೀರೆಯ ಗಂಟು ತುಂಬುವ ಆಟೋಗಳು.

"ಅಮಾಸಿ ದಿನಾ ಬರ್ರಿ. ಮಗ್ಗ ಬಂದ್ ಇರತಾವ, ಓಣಿ ಖಾಲಿ. ಆರಾಮ ನೋಡಬಹುದು" ಎಂದರು ಗೂಳಪ್ಪ. ಆ ಓಣಿಯಲ್ಲಿ ಅಮಾವಾಸ್ಯೆಗೆ ಯಾರೂ ಮಗ್ಗ ಮುಟ್ಟುವುದಿಲ್ಲ. ಎಲ್ಲರಿಗೂ ಗೊತ್ತಿರುವ ಮಾತು, ಆದ್ದರಿಂದ ಯಾರೂ ಅದರ ಬಗ್ಗೆ ಯೋಚಿಸಲಿಲ್ಲ.

ಜನವರಿ ಹದಿನೆಂಟು, ಅವರಾತ್ರಿ ಅಮಾವಾಸ್ಯೆ. ತಾಯಿ ಸಾತವ್ವನನ್ನು ಬೀರೇಶ್ವರನ ಗುಡಿಗೆ ಬಿಟ್ಟು ಯಲ್ಲಾಲಿಂಗ ಬರುವಷ್ಟರಲ್ಲಿ ಒಂದು ತಾಸು ತಡ. ಬಾಳಾಸಾಹೇಬರು ಕಂಬದ ಬುಡದಲ್ಲಿ ಪ್ಲಾಸ್ಟಿಕ್ ಖುರ್ಚಿ ಹಾಕಿಸಿಕೊಂಡು ಕೂತಿದ್ದರು. ಪಕ್ಕದಲ್ಲಿ ದುಂಡೇಶ. ಲ್ಯಾಪ್‌ಟಾಪಿನಲ್ಲಿ ಎರರ್ ಸಾಲು 41,806 ಎಂದು ತೋರಿಸುತ್ತಿತ್ತು. ರಾಧಿಕಾ ಒಳಗಿನಿಂದ ಹಳೆಯ ಚಿತ್ರಗಳನ್ನು ಒಂದರ ಹಿಂದೆ ಒಂದು ಕಳಿಸಿದರು. ನಲವತ್ತು ಚಿತ್ರ ನೀರು ಹರಿದಂತೆ ಹೋದವು. ಸಾಲು 41,806ರಲ್ಲೇ ನಿಂತಿತ್ತು. ಮತ್ತೆ ನಲವತ್ತು ಕಳಿಸಿದರು. ಒಂದು ಏರಲಿಲ್ಲ.

ಮೂವರೂ ಮೆಲುದನಿಯಲ್ಲೇ ಮಾತಾಡಿಕೊಂಡರು. ಬೇರೆ ದಿನ ಆ ಜಾಗದಲ್ಲಿ ಕಿವಿಯ ಹತ್ತಿರ ಬಂದು ಒದರಬೇಕಾಗುತ್ತದೆ ಎಂಬುದು ಯಾರಿಗೂ ಹೊಳೆಯಲಿಲ್ಲ.

"ನಲವತ್ತೊಂದ ಸಾವಿರ, ನಲವತ್ತೊಂದ ಸಾವಿರ ಅಂತ ಹೆದರಸಾಕತ್ತಿದ್ದಿ. ಎಲ್ಲಿ ಏರತೈತಿ ತೋರಸು" ಎಂದರು ಬಾಳಾಸಾಹೇಬರು.

"ಕುರಿ ಇವತ್ತ ಮೇಯಾಕ ಹೋಗಿಲ್ಲ ಕಾಣಸ್ತೈತ್ರಿ ಸಾಹೇಬ್ರ" ಎಂದ ದುಂಡೇಶ.

ಯಲ್ಲಾಲಿಂಗ ನಗಲಿಲ್ಲ. ಸಂಖ್ಯೆ ದೊಡ್ಡದೋ ಸಣ್ಣದೋ ಎಂಬುದು ಮಾತಲ್ಲ, ಅದು ಜುಲೈನಿಂದ ಕೂಡಿಬಂದದ್ದು, ನೋಡಬೇಕಾದದ್ದು ಒಂದು ದಿನಕ್ಕೆ ಎಷ್ಟು ಏರಿತು ಎಂಬುದನ್ನು ಎಂದು ಹೇಳಲು ಹೋದ. ಅವತ್ತಿನ ಏರಿಕೆ ಸೊನ್ನೆ. ಅವನ ಮಾತೇ ಅವನಿಗೆ ಎದುರು ನಿಂತಿತು. ಬಾಳಾಸಾಹೇಬರು ಎದ್ದು ಧೋತರದ ಚುಂಗು ಜಾಡಿಸಿ, ಗುರುವಾರ ಸಂಜೆಯವರೆಗೆ ಸಮಯ ಕೊಟ್ಟರು.

ಮರುದಿನ ಸೋಮವಾರ ಹತ್ತು ಗಂಟೆಗೇ ರಾಧಿಕಾ ಫೋನ್ ಮಾಡಿದರು. ನಿನ್ನೆ ಅಷ್ಟು ಚೆನ್ನಾಗಿದ್ದದ್ದು ಇವತ್ತು ಮತ್ತೆ ಹಾಗೇ ಆಗಿದೆ ಎಂದರು. ಸಂಜೆ ಸಾಲು 45,230. ಒಂದೇ ದಿನಕ್ಕೆ ಮೂರು ಸಾವಿರದ ನಾಲ್ಕುನೂರಾ ಇಪ್ಪತ್ನಾಲ್ಕು ಏರಿತ್ತು.

ಮನೆಗೆ ಬಂದವನು ಬೂಟು ಬಿಚ್ಚದೆ ಪಡಸಾಲೆಯಲ್ಲಿ ಅತ್ತಿಂದಿತ್ತ ತಿರುಗುತ್ತ ನೋಟ್‌ಬುಕ್ಕಿನ ಹಾಳೆ ಮಗುಚಿದ. ನವೆಂಬರಿನಿಂದ ಈಚೆಗೆ ಬೆಳಗಿನ ಅಂಕಿಯೂ ಸಂಜೆಯ ಅಂಕಿಯೂ ಒಂದೇ ಇರುವ ದಿನ ಮೂರು ಸಿಕ್ಕವು. ನವೆಂಬರ್ ಇಪ್ಪತ್ತು, ಡಿಸೆಂಬರ್ ಹತ್ತೊಂಬತ್ತು, ಜನವರಿ ಹದಿನೆಂಟು. ಮೂರರ ಪಕ್ಕದಲ್ಲೂ ಅವನದೇ ಅಕ್ಷರದಲ್ಲಿ "ತಡ" ಎಂದಿತ್ತು.

ಸಾತವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ನವೆಂಬರ್ ಇಪ್ಪತ್ತರಂದು ತಾನು ಕೆಲಸಕ್ಕೆ ಯಾಕೆ ತಡವಾಗಿ ಹೋಗಿದ್ದೆ ಎಂದು ಮಗ ಕೇಳಿದಾಗ, ನಿನ್ನ ತಾರೀಖು ನನಗೇನು ಗೊತ್ತು ಎಂದಳು. ಮೂರೂ ದಿನ ಹೇಳಿದ ಮೇಲೆ ಕೈ ನಿಲ್ಲಿಸಿದಳು.

"ನನ್ನ ಗುಡೀಗಿ ಬಿಟ್ಟ ದಿನಾ ನಿನಗ ತಡ ಆಗತೈತಿ. ಛಟ್ಟಿ ಅಮಾಸಿಗಿ ಬಿಟ್ಟಿ, ಎಳ್ಳ ಅಮಾಸಿಗಿ ಬಿಟ್ಟಿ, ನಿನ್ನಿ ಅವರಾತ್ರಿಗಿ ಬಿಟ್ಟಿ. ಮತ್ತ ಯಾವಾಗ ಬಿಡ್ತೀಯೋ ಯಪ್ಪಾ ನೀ, ದಿನಾ ಓಡೂದಽ ಆತು."

ಅಮಾವಾಸ್ಯೆಯೆಂದರೆ ಯಲ್ಲಾಲಿಂಗನ ಮಟ್ಟಿಗೆ ಬೀರೇಶ್ವರನ ದಿನ. ಒಂಬತ್ತು ವರ್ಷ ಬನಹಟ್ಟಿಯ ಓಣಿ ತಿರುಗಿಯೂ ಅದು ಮಗ್ಗದ ದಿನವೂ ಹೌದೆಂದು ಅವನ ಲೆಕ್ಕಕ್ಕೆ ಬಂದಿರಲಿಲ್ಲ. ಈಗ ಗೂಳಪ್ಪನವರ ಮಾತು ನೆನಪಾಯಿತು. ಮಗ್ಗ ಬಂದ್ ಇರತಾವ. ಕಂಬದ ಬುಡದ ಮೆಲುದನಿಯೂ ನೆನಪಾಯಿತು. ರೊಟ್ಟಿ ತಾಟಿಗೆ ಬೀಳುವ ಮೊದಲೇ ಅವನು ಎದ್ದು ಬಾಗಿಲವರೆಗೆ ಹೋಗಿ ಬಂದ. ಹೋಗುವುದು ಎಲ್ಲಿಗೆ? ಬೆಳಗಾಗಬೇಕಿತ್ತು.

ಮಂಗಳವಾರ ಅವನು ಕಂಬದ ಹತ್ತಿರ ಗೋಡೆಗೆ ಆನಿಸಿ ಲ್ಯಾಪ್‌ಟಾಪ್ ಇಟ್ಟುಕೊಂಡು ನಿಂತ. ಮಗ್ಗಗಳು ಬಡಿಯುತ್ತಿದ್ದವು. ರಾಧಿಕಾ ಬಿಡುವಾದಾಗಲೆಲ್ಲ ಹಳೆಯ ಚಿತ್ರ ಕಳಿಸುತ್ತಿದ್ದರು. ಮೂರು ಏರುತ್ತಿತ್ತು, ಐದು ಏರುತ್ತಿತ್ತು, ತುಸು ನಿಂತು ಮತ್ತೆ ಒಮ್ಮೆಲೇ ಇಪ್ಪತ್ತು. ಹನ್ನೊಂದು ಇಪ್ಪತ್ತಕ್ಕೆ ಕರೆಂಟ್ ಹೋಯಿತು. ಓಣಿಯ ಮಗ್ಗಗಳೆಲ್ಲ ಒಂದೇ ಸಲ ನಿಂತವು. ಆ ಮೌನಕ್ಕೆ ಕಿವಿ ಗುಂಯ್‌ಗುಟ್ಟಿತು. ಸಾಲು 46,918.

ಅವನು ಓಡಿಹೋಗಿ ರಾಧಿಕಾ ಅವರಿಗೆ, ಕಳಿಸುವುದನ್ನು ನಿಲ್ಲಿಸಬೇಡಿ ಎಂದ. ಸೆಂಟರಿನ ಕಂಪ್ಯೂಟರ್ ಮತ್ತು ರೌಟರ್ ಇನ್ವರ್ಟರ್ ಮೇಲೆ ನಡೆಯುತ್ತಿದ್ದವು, ಕಂಬದ ಸ್ವಿಚ್ ಬ್ಯಾಟರಿಯ ಮೇಲೆ. ನಲವತ್ತು ನಿಮಿಷ ಕರೆಂಟ್ ಇರಲಿಲ್ಲ. ಮೂವತ್ತಾರು ಚಿತ್ರ ಹೋದವು. 46,918. ನೇಕಾರರು ಹೊರಗೆ ಬಂದು ಕಟ್ಟೆಯ ಮೇಲೆ ಕೂತು ಎಲೆಯಡಿಕೆ ಹಾಕಿಕೊಂಡು, ಪರದೆಯನ್ನು ದಿಟ್ಟಿಸುತ್ತ ಕಾಲು ಕುಣಿಸುತ್ತಿದ್ದವನನ್ನು ನೋಡಿದರು. ಹನ್ನೆರಡಕ್ಕೆ ಕರೆಂಟ್ ಬಂತು. ಒಂದು ಮಗ್ಗ ಶುರುವಾಯಿತು, ಎರಡನೆಯದು, ಆಮೇಲೆ ಎಲ್ಲವೂ. 46,921. 46,934.

ಅವನು ನೇರ ಗೂಳಪ್ಪನವರ ಶೆಡ್ಡಿಗೆ ಹೋದ. ಮೂರು ತಿಂಗಳು ಅವನು ತಂತಿಯ ಎರಡೂ ತುದಿ ನೋಡಿದ್ದ, ನಡುವಿನ ತುಂಡನ್ನು ನೋಡಿರಲಿಲ್ಲ. ತಾನೇ ಎಳೆದದ್ದು, ನೋಡುವುದೇನಿದೆ ಎಂದುಕೊಂಡಿದ್ದ. ಜುಲೈನಲ್ಲಿ ಶೆಡ್ಡಿನ ಹಿಂಭಾಗ ಖಾಲಿ ಇತ್ತು. ದೀಪಾವಳಿಯ ನಂತರ ಗೂಳಪ್ಪ ಅಲ್ಲಿ ಒಂದೊಂದಾಗಿ ಎಂಟು ಹೊಸ ಮಗ್ಗ ಕೂರಿಸಿದ್ದರು. ಅವುಗಳ ಮೋಟಾರಿಗೆ ಕರೆಂಟ್ ಒಯ್ಯುವ, ಹೆಬ್ಬೆರಳಿಗಿಂತ ದಪ್ಪನೆಯ ಕರಿ ಕೇಬಲ್ ಹಿಂದಿನ ಗೋಡೆಯುದ್ದಕ್ಕೂ ಹೋಗಿತ್ತು. ಅದಕ್ಕೆ ಮೈಗೆ ಮೈ ಹತ್ತಿಸಿ, ಗೇಣಿಗೊಂದು ಗಂಟಿನಂತೆ ಪ್ಲಾಸ್ಟಿಕ್ ಪಟ್ಟಿ ಬಿಗಿದು, ಇಪ್ಪತ್ತು ಮೀಟರ್ ದೂರ ಕಟ್ಟಿದ್ದ ಬೂದು ತಂತಿ ಅವನದು.

ಕರೆಂಟಿನ ತಂತಿಯಿಂದ ಒಂದು ಮೊಳ ದೂರ ಇರಬೇಕು. ಹೊಸಬರಿಗೆ ಅವನೇ ಕಲಿಸುವ ಮೊದಲ ಪಾಠ ಅದು. ಮೋಟಾರಿನ ಕೇಬಲ್ ಒತ್ತಿನಲ್ಲಿದ್ದರೆ ಅದರ ಗದ್ದಲ ಇದರೊಳಗೆ ಸೇರಿ ಪ್ಯಾಕೆಟ್ ಕೆಡುತ್ತದೆ. ಆದರೆ ಜುಲೈನ ಆ ದಿನ ಮಳೆ ಹಿಡಿದಿತ್ತು, ಹಸಿ ನೆಲದಲ್ಲಿ ಏಣಿ ಜಾರುತ್ತಿತ್ತು, ಮುಂದೆ ಹಾಕುವ ಮಗ್ಗಗಳಿಗೆಂದು ಎಳೆದ ಕರಿ ಕೇಬಲ್ ಆಗಲೇ ಗೋಡೆಯ ಮೇಲಿತ್ತು. ಅದರೊಳಗೆ ಕರೆಂಟ್ ಇರಲಿಲ್ಲ.

"ನೀನಽ ಕಟ್ಟಿದ್ದಲ್ಲೋ ತಮ್ಮಾ" ಎಂದರು ಗೂಳಪ್ಪ, ಮಗ್ಗದ ಸದ್ದಿನ ಮೇಲೆ ದನಿ ಏರಿಸಿ. "ಛಲೋ ಆತು, ಗೋಡಿಗಿ ಮತ್ತ ತೂತು ಬೀಳಲಿಲ್ಲ ಅಂದಿದ್ನೆಲ್ಲ ನಾ."

ಹೊರಗೆ ಬಂದು ಅವನು ದುಂಡೇಶನಿಗೆ ಫೋನ್ ಮಾಡಿದ. ಬನಹಟ್ಟಿ ಯಾರಿಗೆ ಹೋಗಬೇಕೋ ಅವನಿಗೇ ಮೊದಲು ಹೇಳಿದ್ದು ಯಾಕೆಂದು ಆಮೇಲೆ ಅವನಿಗೂ ತಿಳಿಯಲಿಲ್ಲ. ದುಂಡೇಶ ಪೂರ್ತಿ ಕೇಳಿಸಿಕೊಂಡ. ಗೇಲಿ ಮಾಡಲಿಲ್ಲ.

"ಇಲಿ ಕಡದಾವು ಅನ್ನು. ಹೊಸಾ ತಂತಿ ಎಳದು ಬಿಡು. ಸಾಹೇಬ್ರು ಏನು ಇಲಿ ಹಿಡಕೊಂಡು ಬಾ ಅಂತಾರೇನು?"

ಅದು ನಡೆಯುವ ಮಾತು. ತಂತಿ ಬದಲಾದರೆ ಸಾಲು ನಿಲ್ಲುತ್ತದೆ, ಶುಕ್ರವಾರ ಯಾರೂ ಬರುವುದಿಲ್ಲ, ಖುರ್ಚಿ ತಪ್ಪುತ್ತದೆ. ಯಲ್ಲಾಲಿಂಗ ಬೈಕ್ ಹತ್ತಿ, ಇಳಿದು, ಓಣಿಯ ತುದಿಯವರೆಗೆ ನಡೆದು ವಾಪಸು ಬಂದ. ಆ ಮಳೆಗಾಲದಲ್ಲಿ ಅವನು ಬನಹಟ್ಟಿಯಲ್ಲಿ ಎಳೆದ ಲೈನುಗಳು ಹತ್ತೊಂಬತ್ತು. ಎಷ್ಟು ಕಡೆ ಹೀಗೇ ಕಟ್ಟಿದ್ದೇನೆಂದು ಅವನಿಗೆ ನೆನಪಿರಲಿಲ್ಲ. ಇಲಿ ಎಂದರೆ ಉಳಿದ ಹದಿನೆಂಟನ್ನು ಬಿಚ್ಚಿ ನೋಡಲು ಯಾರೂ ಕೇಬಲ್ ಕೊಡುವುದಿಲ್ಲ, ಸಮಯ ಕೊಡುವುದಿಲ್ಲ. ಅವು ಇನ್ನೊಬ್ಬರು ಇನ್ನೊಂದು ಮಗ್ಗ ಹಾಕುವವರೆಗೆ ಸುಮ್ಮನಿರುತ್ತವೆ.

ಬುಧವಾರ ಬೆಳಿಗ್ಗೆ ಜಮಖಂಡಿಯ ಆಫೀಸಿನಲ್ಲಿ ಅವನು ನಿಂತುಕೊಂಡೇ ಹೇಳಿದ. ನೋಟ್‌ಬುಕ್ಕಿನ ಮೂರು ಅಮಾವಾಸ್ಯೆಗಳನ್ನು, ಕರೆಂಟ್ ಹೋದ ನಲವತ್ತು ನಿಮಿಷವನ್ನು ತೋರಿಸಿದ. ಕೊನೆಗೆ ಗೋಡೆಯ ಫೋಟೋ ಇಟ್ಟ. ಬಾಳಾಸಾಹೇಬರು ಫೋಟೋ ದೊಡ್ಡದು ಮಾಡಿ ನೋಡಿದರು.

"ಇದನ್ನ ಕಟ್ಟಿದವ ಯಾಂವ?"

"ನಾನಽರಿ ಸಾಹೇಬ್ರ."

"ನಿನ್ನ ತಪ್ಪು ನೀನಽ ಹುಡಕಾಕ ನಿನಗ ಮೂರು ಅಮಾಸಿ ಬೇಕಾದವು."

ಅವನು ನೋಟ್‌ಬುಕ್ ಮುಚ್ಚಿದ. ಗುರುವಾರ ಹೊಸ ತಂತಿ ಎಳೆಯುತ್ತೇನೆ, ತಾವು ಬಂದು ನೋಡಬೇಕು, ಮಗ್ಗ ನಡೆಯುತ್ತಿರುವಾಗಲೇ ಬರಬೇಕು ಎಂದಷ್ಟೇ ಕೇಳಿಕೊಂಡ. ಖುರ್ಚಿಯ ವಿಷಯ ಇಬ್ಬರೂ ಎತ್ತಲಿಲ್ಲ.

ಗುರುವಾರ ಹೊಸ ತಂತಿ ಶೆಡ್ಡನ್ನು ಬಿಟ್ಟು ಸೆಂಟರಿನ ಮಾಳಿಗೆಯ ಮೇಲಿಂದ ಬಂತು. ಹಳೆಯದಕ್ಕಿಂತ ಹನ್ನೆರಡು ಮೀಟರ್ ಉದ್ದ. ಕರೆಂಟಿನ ತಂತಿ ಎದುರಾದ ಎರಡು ಕಡೆ ಯಲ್ಲಾಲಿಂಗ ಮೊಳಕೈ ಇಟ್ಟು ಅಳೆದು ಕ್ಲಿಪ್ ಬಡಿದ. ದುಂಡೇಶ ಮುಧೋಳದ ಕೆಲಸ ಬಿಟ್ಟು ಬಂದು ಕೆಳಗಿನಿಂದ ತಂತಿ ಕೊಟ್ಟ. ಅದೇ ಕಿಂಡಿಗೆ ಹೊಸ ತಂತಿ ಚುಚ್ಚಿದಾಗ 52,377 ಇದ್ದದ್ದು ಎರಡು ಏರಿ 52,379 ಆಯಿತು. ಚುಚ್ಚುವಾಗ ಅಷ್ಟು ಇದ್ದದ್ದೇ.

ಮೂರು ಗಂಟೆಗೆ ಬಾಳಾಸಾಹೇಬರು ಬಂದರು. ಅದೇ ಪ್ಲಾಸ್ಟಿಕ್ ಖುರ್ಚಿ, ಅದೇ ಕಂಬದ ಬುಡ. ಎಂಟು ಹೊಸ ಮಗ್ಗ, ಹನ್ನೆರಡು ಹಳೆಯವು ಒಟ್ಟಿಗೆ ಬಡಿಯುತ್ತಿದ್ದವು. ರಾಧಿಕಾ ಚಿತ್ರ ಕಳಿಸತೊಡಗಿದರು. ಎಂಬತ್ತು ಹೋದ ಮೇಲೆ ಬಾಗಿಲಿಗೆ ಬಂದು, ಎಲ್ಲ ಮುಟ್ಟಿವೆ ಎಂದು ಕೈ ಆಡಿಸಿದರು. ಶುಕ್ರವಾರ ಬರಬೇಕಾದವರಿಗೆ ಬೇಡವೆಂದು ಹೇಳುವುದಾಗಿಯೂ, ಆದರೆ ಮುಂದಿನ ತಿಂಗಳವರೆಗೆ ಅವರ ನಂಬರು ಇಟ್ಟುಕೊಂಡಿರುವುದಾಗಿಯೂ ಬಾಳಾಸಾಹೇಬರ ಕಿವಿಯ ಹತ್ತಿರ ಬಾಗಿ ಹೇಳಿದರು.

ಬಾಳಾಸಾಹೇಬರು ಒಂದು ಕಿವಿಗೆ ಅಂಗೈ ಹಿಡಿದು, ಯಲ್ಲಾಲಿಂಗ ಲ್ಯಾಪ್‌ಟಾಪ್ ಇಟ್ಟುಕೊಂಡು ನಿಂತಿದ್ದ ಮಾಳಿಗೆಯ ಕಡೆ ಒದರಿದರು.

"ಎಷ್ಟಾತಲೇ?"

ಯಲ್ಲಾಲಿಂಗ ಲ್ಯಾಪ್‌ಟಾಪಿನಿಂದ ತಲೆ ಎತ್ತದೆ ಒದರಿದ:

"ಅಷ್ಟಽ ಅದಾವರಿ!"

"ಅಷ್ಟಽ ಅಂದ್ರ ಎಷ್ಟು?"

ದುಂಡೇಶ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದ. ಬಾಳಾಸಾಹೇಬರು ತಾವೇ ಮೆಟ್ಟಿಲು ಹತ್ತಿ ಬಂದು ಪರದೆ ನೋಡಿದರು. ಐವತ್ತೆರಡು ಸಾವಿರ ಕಂಡು ಹುಬ್ಬು ಗಂಟಿಕ್ಕಿ, ಒತ್ತಿ ಸೊನ್ನೆ ಮಾಡಿಬಿಡು, ಯಾರಾದರೂ ನೋಡಿದರೆ ಏನಂದುಕೊಂಡಾರು ಎಂದರು. ಯಲ್ಲಾಲಿಂಗ ಬೇಡವೆಂದ. ನಾಳೆ ಎಷ್ಟು ಏರಿತು ಎಂದು ನೋಡಲು ಇವತ್ತಿನದು ಇರಬೇಕು ಎಂದ. ಅವರು ಇನ್ನೊಂದು ಐದು ನಿಮಿಷ ನಿಂತರು. ಸಾಲು ಅಲುಗಲಿಲ್ಲ.

"ಉಳದ ಹದಿನೆಂಟು ಯುಗಾದಿ ಒಳಗ ಆಗಬೇಕು. ನೀನಽ ಬಿಚ್ಚು, ನೀನಽ ಕಟ್ಟು. ಅಮಾಸಿ ದಿನಾ ನೋಡಿ ಬಂದ್ನಿ ಅಂದ್ರ ಖುರ್ಚಿ ಐತಿ ನಿನಗ" ಎಂದು ಹೇಳಿ ಇಳಿದುಹೋದರು.

ದುಂಡೇಶ ಏಣಿ ಮಡಚುತ್ತ, ಚಹಾ ಕುಡಿದು ಹೋಗೋಣ ಎಂದ. ಯಲ್ಲಾಲಿಂಗ ನೋಟ್‌ಬುಕ್ಕಿನಲ್ಲಿ ತಾರೀಖು ಬರೆದು, ಪಕ್ಕದಲ್ಲಿ 52,379 ಬರೆದು, ಅದರ ಮುಂದೆ "ಮಗ್ಗ ಚಾಲೂ" ಎಂದು ಬರೆದ. ಆಮೇಲೆ ಕೆಳಗಿಳಿದು ಏಣಿಯನ್ನು ದುಂಡೇಶನ ಕೈಯಿಂದ ತೆಗೆದುಕೊಂಡು ಬೈಕಿಗೆ ಬಿಗಿದ. ಹಿಂದಿನ ಓಣಿಯಲ್ಲಿ ಹಿಟ್ಟಿನ ಗಿರಣಿಯ ಮಗ್ಗುಲಲ್ಲಿ ಆ ಹದಿನೆಂಟರಲ್ಲಿ ಒಂದು ಲೈನಿತ್ತು. ಗಿರಣಿ ಐದಕ್ಕೆ ನಿಲ್ಲುತ್ತದೆ, ಅದು ತಿರುಗುವಾಗಲೇ ನೋಡಬೇಕು. ಆಗಲೇ ನಾಲ್ಕೂ ಕಾಲು.